ತೇರದಾಳದ ಬಿಸಿಲಿಗೆ ಕ್ಯಾಮೆರಾ ಹಿಡಿದಾಗ

ಮೇ ತಿಂಗಳ 6ನೇ ತಾರೀಖಿನ ಆಸುಪಾಸು, ಮಧ್ಯಾಹ್ನ 12 ಗಂಟೆ 26 ನಿಮಿಷದ ಸುಮಾರಿಗೆ, ತೇರದಾಳದ ನೆಲದಲ್ಲಿ ನೆಟ್ಟಗೆ ಊರಿದ ಕೋಲಿಗೆ ನೆರಳೇ ಇರುವುದಿಲ್ಲ. ಸೂರ್ಯ ಆಗ ಸರಿಯಾಗಿ ನೆತ್ತಿಯ ಮೇಲೆ ನಿಂತಿರುತ್ತಾನೆ. ಊರು ಸುಮಾರು ಹದಿನಾರೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ವರ್ಷಕ್ಕೆ ಎರಡು ಬಾರಿ ಹೀಗಾಗುತ್ತದೆ. ಎರಡನೆಯ ಸರದಿ ಬರುವುದು ಆಗಸ್ಟ್ ಮೊದಲ ವಾರ ಮುಗಿಯುವ ಹೊತ್ತಿಗೆ. ಆಗ ಸಾಮಾನ್ಯವಾಗಿ ಮೋಡದ ಮುಸುಕು ಇರುವುದರಿಂದ ಯಾರಿಗೂ ಅದರ ಅರಿವಾಗುವುದಿಲ್ಲ. ಮೇ ತಿಂಗಳದ್ದು ಮಾತ್ರ ಎಲ್ಲರ ನೆತ್ತಿಗೂ ತಾಗುತ್ತದೆ. ಉಷ್ಣಾಂಶ 40 ಡಿಗ್ರಿ ಮುಟ್ಟುವ ದಿನಗಳವು. ಬೀದಿ ಬಿಕೋ ಎನ್ನುತ್ತದೆ, ಬಾಗಿಲುಗಳು ಅರ್ಧ ಮುಚ್ಚಿರುತ್ತವೆ, ಬೇವಿನ ಮರದ ಕೆಳಗಿನ ದನ ಮೆಲುಕು ಹಾಕುವುದಕ್ಕೂ ಬೇಸರಪಟ್ಟುಕೊಂಡಂತೆ ಮಲಗಿರುತ್ತದೆ.

ಛಾಯಾಗ್ರಹಣ ಬಲ್ಲ ಯಾರನ್ನಾದರೂ ಕೇಳಿ, ಫೋಟೊ ತೆಗೆಯಲು ಇದಕ್ಕಿಂತ ಕೆಟ್ಟ ಹೊತ್ತು ಇನ್ನೊಂದಿಲ್ಲ ಎನ್ನುತ್ತಾರೆ. ನೇರವಾಗಿ ಮೇಲಿನಿಂದ ಬೀಳುವ ಬೆಳಕಿಗೆ ಮನುಷ್ಯರ ಕಣ್ಣುಗಳು ಕಪ್ಪು ಗುಳಿಗಳಾಗುತ್ತವೆ, ಮೂಗಿನ ಕೆಳಗೆ ಮೀಸೆಯಂಥ ನೆರಳು ಮೂಡುತ್ತದೆ, ಗೋಡೆ ಬೆಳ್ಳಗೆ ಸುಣ್ಣವಾಗುತ್ತದೆ. ಇಂಥ ಊರಿನಲ್ಲಿ, ಇಂಥ ಕಾಲದಲ್ಲಿ ಬೇಸಿಗೆಯ ಸೊಬಗನ್ನು ಕ್ಯಾಮೆರಾದಲ್ಲಿ ಹಿಡಿಯುತ್ತೇನೆಂದು ಯಾವನಾದರೂ ಹುಡುಗ ಹೊರಟರೆ ಹಿರಿಯರು ನಗುವುದು ಸಹಜ. ‘ಸೊಬಗು ನೋಡಬೇಕಾದರೆ ಮಲೆನಾಡಿಗೆ ಹೋಗು, ಇಲ್ಲೇನದ ಬ್ಯಾಸಗ್ಯಾಗ’ ಎಂಬ ಮಾತು ಅವನ ಕಿವಿಗೆ ಬೀಳದೆ ಇರುವುದಿಲ್ಲ.

ಇಲ್ಲಿ ಇರುವುದು ಏನೆಂದು ತಿಳಿಯಲು ಊರಿನ ಪರಿಚಯ ಸ್ವಲ್ಪ ಆಗಬೇಕು. ಜಮಖಂಡಿಯಿಂದ ಬನಹಟ್ಟಿ, ರಬಕವಿಗಳನ್ನು ಹಾದು ಕುಡಚಿಯತ್ತ ಸಾಗುವ ರಸ್ತೆಯಲ್ಲಿ, ಕೃಷ್ಣಾ ನದಿಗೆ ಹತ್ತಿರದಲ್ಲಿದೆ ತೇರದಾಳ. ಸುತ್ತ ಕಪ್ಪು ಎರೆಭೂಮಿ, ಹೊಳೆಯ ನೀರು ಸಿಕ್ಕಿದಲ್ಲೆಲ್ಲ ಕಬ್ಬು. ಸ್ವಾತಂತ್ರ್ಯ ಬರುವವರೆಗೂ ಇದು ಸಾಂಗಲಿ ಸಂಸ್ಥಾನದ ಊರು. ಪಕ್ಕದ ಜಮಖಂಡಿಯದು ಬೇರೆಯೇ ಸಂಸ್ಥಾನ. ಮುಂದೆ ಮುಂಬಯಿ ಪ್ರಾಂತ, 1956ರಲ್ಲಿ ಏಕೀಕೃತ ರಾಜ್ಯ, 1997ರವರೆಗೆ ವಿಜಾಪುರ ಜಿಲ್ಲೆ, ಅಲ್ಲಿಂದ ಬಾಗಲಕೋಟೆ ಜಿಲ್ಲೆ. ಅಲ್ಲಮಪ್ರಭುವಿನ ಗುಡಿಯೂ ನೇಮಿನಾಥನ ಬಸದಿಯೂ ಇರುವ ಊರೆಂದು ಪಾಠದಲ್ಲಿ ಓದಿದವರುಂಟು. ಪ್ರವಾಸಿಗರ ಬಸ್ಸುಗಳು ಮಾತ್ರ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಲ್ಲೇ ನಿಂತುಬಿಡುತ್ತವೆ.

ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಮಕ್ಕಳನ್ನು ಬಿಸಿಲಿಗೆ ಬಿಡಲು ತಾಯಂದಿರಿಗೆ ಮನಸ್ಸಿಲ್ಲ, ಮನೆಯೊಳಗೆ ಕೂಡಿಹಾಕಿದರೆ ಟಿ.ವಿ. ಇಲ್ಲವೇ ಮೊಬೈಲು. ಈ ಇಕ್ಕಟ್ಟಿಗೆ ಹವ್ಯಾಸಿ ಛಾಯಾಗ್ರಹಣ ಒಳ್ಳೆಯ ದಾರಿ. ಯಾಕೆಂದರೆ ಅದು ಬಯಸುವ ಹೊತ್ತೇ ಬಿಸಿಲು ಇಲ್ಲದ ಹೊತ್ತು. ಮೇ ಮೊದಲ ವಾರದಲ್ಲಿ ಇಲ್ಲಿ ಸೂರ್ಯ ಏಳುವುದು ಬೆಳಿಗ್ಗೆ ಆರರ ಸುಮಾರಿಗೆ, ಮುಳುಗುವುದು ಸಂಜೆ ಏಳಕ್ಕೆ ಏಳೆಂಟು ನಿಮಿಷ ಇರುವಾಗ. ಬೆಳಗಿನ ಎರಡು ತಾಸು, ಸಂಜೆಯ ಒಂದೂವರೆ ತಾಸು ಸಿಕ್ಕರೆ ಸಾಕು. ನಡುವಿನ ಹೊತ್ತಿಗೆ ಮನೆಯೊಳಗೇ ಬೇರೆ ಕೆಲಸವಿದೆ, ಅದನ್ನು ಮುಂದೆ ನೋಡೋಣ.

ಸಲಕರಣೆಯ ಚಿಂತೆ ಬೇಡ. ಹಿಂದಿನ ತಲೆಮಾರಿನವರು ‘ಆಗ್ಫಾ ಕ್ಲಿಕ್’ ಎಂಬ ಡಬ್ಬಿ ಕ್ಯಾಮೆರಾದಲ್ಲಿ ಕಲಿತರು. ಒಂದು ರೋಲಿಗೆ ಹನ್ನೆರಡೇ ಚೌಕ ಚಿತ್ರ, ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು, ಮುಗಿಯಿತು. ಆಮೇಲೆ ಬಂದ 35 ಮಿಲಿಮೀಟರ್ ರೋಲಿನಲ್ಲಿ 36 ಚಿತ್ರ. ತೊಳೆಸಲು ಕೊಟ್ಟು, ವಾರ ಕಾದು, ಅರ್ಧದಷ್ಟು ಕೆಟ್ಟಿರುವುದನ್ನು ನೋಡಿ ಹಲ್ಲು ಕಡಿಯುವುದೂ ಆ ಶಿಕ್ಷಣದ ಭಾಗವೇ ಆಗಿತ್ತು. ಈಗ ಮನೆಮನೆಯ ಮೊಬೈಲಿನಲ್ಲಿ ಸಾವಿರ ಚಿತ್ರ ತೆಗೆದರೂ ಖರ್ಚಿಲ್ಲ. ಖರ್ಚಿಲ್ಲದ್ದರಿಂದಲೇ ನೋಡದೆ ತೆಗೆಯುವ ಚಟ ಹತ್ತುತ್ತದೆ. ದಿನಕ್ಕೆ ಹನ್ನೆರಡೇ ಚಿತ್ರ ಎಂದು ಮಕ್ಕಳಿಗೆ ಕಟ್ಟಳೆ ಹಾಕಿ ನೋಡಿ. ಮೂರನೇ ದಿನಕ್ಕೆ ಅವರು ಗುಂಡಿ ಒತ್ತುವ ಮುಂಚೆ ನಿಂತು ನೋಡತೊಡಗುತ್ತಾರೆ.

ಬೆಳಗಿನ ಎಳೆಬಿಸಿಲಿನ ಗುಣ ತಿಳಿಯಲು ಹಳೆಯ ಕಲ್ಲಿಗಿಂತ ಒಳ್ಳೆಯ ಗುರುವಿಲ್ಲ. ತೇರದಾಳದ ನೇಮಿನಾಥ ಬಸದಿಯನ್ನು ಕ್ರಿ.ಶ. 1123ರಲ್ಲಿ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಇಲ್ಲಿಯ ಮಾಂಡಲಿಕ ಗೊಂಕನು ಕಟ್ಟಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಊರಿನ ಹೆಸರು ಅದರಲ್ಲಿ ‘ತೇರಿದಾಳ’. 1187ರವರೆಗಿನ ದಾನಗಳ ವಿವರವೂ ಇರುವ ಈ ಶಾಸನವನ್ನು ಜೆ.ಎಫ್. ಫ್ಲೀಟ್ ಓದಿ 1885ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂಬೈನೂರು ವರ್ಷ ಹಳೆಯ ಕನ್ನಡ ಅಕ್ಷರಗಳು! ಯಾವುದೇ ಶಾಸನವಿರಲಿ, ವೀರಗಲ್ಲಿರಲಿ, ಕಂಬದ ಕೆತ್ತನೆಯಿರಲಿ, ಬೆಳಕು ಎದುರಿನಿಂದ ಬಿದ್ದರೆ ಸಪಾಟು ಬಂಡೆಯಂತೆ ಕಾಣುತ್ತದೆ. ಅದೇ ಬೆಳಕು ಓರೆಯಾಗಿ, ಕಲ್ಲಿನ ಮೈಯನ್ನು ಸವರಿಕೊಂಡು ಬಂದಾಗ ಪ್ರತಿ ಗೆರೆಯ ತಗ್ಗಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಸೂರ್ಯನ ಬೆಳಕು ತಾಗದ ಕಡೆ ಇನ್ನೊಬ್ಬ ಗೆಳೆಯ ಪಕ್ಕದಿಂದ ಟಾರ್ಚು ಹಿಡಿದರೂ ಆಯಿತು. ಪೂಜಾಸ್ಥಳವಾದ್ದರಿಂದ ಒಳಗೆ ಫೋಟೊ ತೆಗೆಯುವ ಮುನ್ನ ಕೇಳಿ ಅನುಮತಿ ಪಡೆಯಬೇಕು, ಕಲ್ಲಿಗೆ ಎಣ್ಣೆ, ಸೀಮೆಸುಣ್ಣ ಬಳಿಯುವ ಕೆಲಸ ಮಾಡಲೇಬಾರದು.

ಬೇಸಿಗೆಯ ಬಣ್ಣವೆಂದರೆ ಇಲ್ಲಿ ಹಳದಿ. ತೇರದಾಳ ಸೀಮೆಯ ಅರಿಶಿಣಕ್ಕೆ ಹಿಂದಿನಿಂದಲೂ ಹೆಸರಿದೆ, ಕೊಳ್ಳುವ ಪೇಟೆ ಸಾಂಗಲಿ. ಮುಂಗಾರಿನ ಹೊತ್ತಿಗೆ ನೆಟ್ಟ ಅರಿಶಿಣವನ್ನು ಎಂಟೊಂಬತ್ತು ತಿಂಗಳಿಗೆ ಅಗೆದು, ದೊಡ್ಡ ಕಡಾಯಿಗಳಲ್ಲಿ ಕುದಿಸಿ, ಕಣದಲ್ಲಿ ಹರವುತ್ತಾರೆ. ಹತ್ತು ಹದಿನೈದು ದಿನದ ಬಿಸಿಲು ಅದಕ್ಕೆ ಬೇಕೇ ಬೇಕು. ನೂರು ಕಿಲೊ ಹಸಿ ಅರಿಶಿಣ ಒಣಗಿದಾಗ ಇಪ್ಪತ್ತರ ಸುಮಾರಿಗೆ ಇಳಿಯುತ್ತದೆ. ಉಳಿದದ್ದೆಲ್ಲ ಬಿಸಿಲು ಕುಡಿದ ನೀರು. ಊರೆಲ್ಲ ಶಪಿಸುವ ಬಿಸಿಲನ್ನು ಈ ಒಬ್ಬ ರೈತ ಮಾತ್ರ ಮುಗಿಲು ನೋಡಿ ಬೇಡುತ್ತಾನೆ. ಅಕಾಲದ ಮಳೆಯ ಹನಿ ಬಿದ್ದರೆ ವರ್ಷದ ದುಡಿಮೆಗೆ ಕಲೆ. ರಜೆ ಶುರುವಾಗುವ ವೇಳೆಗೆ ಕೊನೆಯ ಕಣಗಳು ಇನ್ನೂ ಹರವಿರುವುದುಂಟು.

ಇಂಥ ಕಣದ ಚಿತ್ರ ತೆಗೆದವರು ಮನೆಗೆ ಬಂದು ನೋಡಿದರೆ ಹಳದಿ ಮಾಸಿ ಮಣ್ಣಿನ ಬಣ್ಣವಾಗಿರುತ್ತದೆ. ತಪ್ಪು ಅರಿಶಿಣದ್ದಲ್ಲ, ಕ್ಯಾಮೆರಾದ ಬುದ್ಧಿವಂತಿಕೆಯದು. ಚೌಕಟ್ಟಿನ ತುಂಬ ಒಂದೇ ಬಣ್ಣ ಕಂಡರೆ ‘ಬೆಳಕೇ ಹಳದಿ ಇರಬೇಕು’ ಎಂದುಕೊಂಡು ಅದು ಬಣ್ಣವನ್ನು ತಿದ್ದಿಬಿಡುತ್ತದೆ. ಚೌಕಟ್ಟಿನಲ್ಲಿ ಒಂದು ಬಿಳಿ ವಸ್ತು ಬರುವಂತೆ ನಿಲ್ಲಬೇಕು. ರೈತನ ಧೋತರ, ತಲೆಯ ಪಟಗ, ಬಿಳಿ ಎತ್ತು, ಏನಾದರೂ ಸರಿ. ಆಗ ಕ್ಯಾಮೆರಾಕ್ಕೆ ಬಿಳಿ ಯಾವುದು, ಹಳದಿ ಯಾವುದು ಎಂದು ಗೊತ್ತಾಗುತ್ತದೆ. ಸಂಜೆ ಅರಿಶಿಣವನ್ನು ಗುಂಪಿ ಮಾಡುವಾಗ ಇಳಿಬಿಸಿಲು ಕೆಳಗಿನಿಂದ ಬರುತ್ತದೆ, ಎದ್ದ ದೂಳೂ ಹೊಳೆಯುತ್ತದೆ. ಆ ಹದಿನೈದು ನಿಮಿಷಕ್ಕಾಗಿ ಒಂದು ತಾಸು ಕಾದರೂ ನಷ್ಟವಿಲ್ಲ.

ಕಣದಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಅಲ್ಲಿ ದುಡಿಯುತ್ತಿರುವ ಹೆಣ್ಣುಮಕ್ಕಳು ಬಣ್ಣದ ಚಿತ್ರಕ್ಕೆ ಅಲಂಕಾರವಾಗಿ ನಿಂತವರಲ್ಲ. ಬೆಳಗಿನಿಂದ ಬೆನ್ನು ಬಾಗಿಸಿದವರ ಎದುರು ಹೇಳದೆ ಕೇಳದೆ ಮೊಬೈಲು ಎತ್ತುವುದು ಅಸಭ್ಯತನ. ‘ಅಕ್ಕಾರ, ಒಂದು ಫೋಟೊ ತಗೀಲೇನ್ರಿ’ ಎಂದು ಕೇಳಿದರೆ ಹೆಚ್ಚಿನವರು ಬೇಡವೆನ್ನುವುದಿಲ್ಲ. ಬೇಡವೆಂದರೆ ಅಲ್ಲಿಗೆ ಬಿಡಬೇಕು. ತೆಗೆದ ಚಿತ್ರದ ಒಂದು ಪ್ರತಿಯನ್ನು ಮುದ್ರಿಸಿ ಅವರ ಕೈಗೆ ಕೊಟ್ಟು ಬರುವ ಹುಡುಗನಿಗೆ ಮರುವರ್ಷ ಯಾವ ಕಣದಲ್ಲೂ ತಡೆಯಿರುವುದಿಲ್ಲ. ಜನರ ನಡುವೆ ಕ್ಯಾಮೆರಾ ಹಿಡಿಯುವ ನಯ ತಿಳಿಯಬೇಕೆನ್ನುವವರು ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು ಬಿಳುಪು ಚಿತ್ರಗಳನ್ನು ಹುಡುಕಿ ನೋಡಬೇಕು. 1977ರಲ್ಲಿ ಪದ್ಮಶ್ರೀ ಪಡೆದ ಅವರು ದೊಡ್ಡವರನ್ನೂ ತೆಗೆದರು. ಆದರೆ ಇಂದಿಗೂ ಕಣ್ಣಲ್ಲಿ ಉಳಿಯುವುದು ಅವರ ಸಾಮಾನ್ಯ ಜನ ಮತ್ತು ಮಕ್ಕಳು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ನಡೆಯಿತು.

ಹತ್ತು ಗಂಟೆಯ ಮೇಲೆ ಒಳಗೆ ಬರಬೇಕು. ಬಿಸಿಲಲ್ಲಿ ಬಿಟ್ಟ ಮೊಬೈಲು ಕಾದು ತಾನೇ ನಿಂತುಹೋಗುವುದುಂಟು, ಹುಡುಗರು ಕಾದರೆ ಆಸ್ಪತ್ರೆ. ಒಳಗೇನು ಚಿತ್ರ ಎನ್ನುವವರು ಹಳೆಯ ಮಾಳಿಗೆ ಮನೆಗಳನ್ನು ನೆನೆಯಬೇಕು. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹೊದೆಸಿದ ಮೇಲ್ಮುದ್ದೆ, ನಡುವೆ ಒಂದು ಬೆಳಕಿಂಡಿ. ಹೊರಗೆ ಕೆಂಡ ಸುರಿಯುತ್ತಿದ್ದರೂ ಒಳಗೆ ತಂಪು. ಬೆಳಕಿಂಡಿಯಿಂದ ಇಳಿದ ಬಿಸಿಲಿನ ಕೋಲು ಅಡುಗೆ ಮನೆಯ ಹೊಗೆಯಲ್ಲಿ, ಕೇರುವ ಜೋಳದ ದೂಳಿನಲ್ಲಿ ಕಂಬದಂತೆ ನಿಲ್ಲುತ್ತದೆ, ಹೊತ್ತು ಏರಿದಂತೆ ನೆಲದ ಮೇಲೆ ಮೆಲ್ಲಗೆ ಸರಿಯುತ್ತದೆ. ಅಜ್ಜಿ ಆ ಬೆಳಕಿನಲ್ಲಿ ಅಕ್ಕಿ ಆರಿಸುತ್ತ ಕೂತರೆ, ಪಟ್ಟಣದ ಸ್ಟುಡಿಯೋದಲ್ಲಿ ಸಾವಿರಾರು ರೂಪಾಯಿಯ ದೀಪ ಹಾಕಿದರೂ ಬಾರದ ಚಿತ್ರ ಬರುತ್ತದೆ. ಕ್ಯಾಮೆರಾವನ್ನು ಬೆಳಕು ಬಿದ್ದ ಮುಖಕ್ಕೆ ಗುರಿಮಾಡಿ, ಮೊಬೈಲಾದರೆ ಆ ಮುಖದ ಮೇಲೆ ಬೆರಳಿಟ್ಟು, ಪ್ರಕಾಶವನ್ನು ಸ್ವಲ್ಪ ಇಳಿಸಬೇಕು. ಸುತ್ತಲಿನ ಕತ್ತಲು ಕತ್ತಲಾಗಿಯೇ ಇರಲಿ.

ತಗಡಿನ ಮಾಡಿನ ಮನೆಯಾದರೆ ಮತ್ತೊಂದು ಪಾಠ ಸಿಗುತ್ತದೆ. ತಗಡಿನ ಮೊಳೆಯ ತೂತಿನಿಂದ ಒಳಬಂದ ಬಿಸಿಲು ನೆಲದ ಮೇಲೆ ದುಂಡಗೆ, ನಾಣ್ಯದಂತೆ ಬೀಳುತ್ತದೆ. ತೂತು ಮೂರು ಮೂಲೆಯದಾಗಿದ್ದರೂ ಬಿದ್ದ ಬೆಳಕು ದುಂಡಗೇ ಯಾಕೆ? ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. ಹತ್ತು ಅಡಿ ಎತ್ತರದಿಂದ ಬಿದ್ದರೆ ಒಂದು ಅಂಗುಲಕ್ಕಿಂತ ತುಸು ದೊಡ್ಡದು. ಕತ್ತಲೆ ಕೋಣೆ, ಒಂದು ಸಣ್ಣ ರಂಧ್ರ, ಎದುರಿಗೆ ಬಿಂಬ ಬೀಳುವ ಪರದೆ, ಕ್ಯಾಮೆರಾ ಎಂದರೆ ಇಷ್ಟೇ. ‘ಕ್ಯಾಮೆರಾ’ ಎಂಬ ಲ್ಯಾಟಿನ್ ಪದಕ್ಕೆ ಕೋಣೆ ಎಂದೇ ಅರ್ಥ. ವಿಜ್ಞಾನದ ಪುಸ್ತಕದಲ್ಲಿ ಸೂಜಿರಂಧ್ರ ಬಿಂಬಗ್ರಾಹಿಯ ಚಿತ್ರ ಬರೆದು ಅಂಕ ಪಡೆದ ಮಕ್ಕಳು ಅದನ್ನು ತಮ್ಮ ಮನೆಯ ನೆಲದ ಮೇಲೆಯೇ ಅಳೆದು ನೋಡಬಹುದು.

ಮಾಳಿಗೆಯ ಮೇಲೆ ಇನ್ನೊಂದು ಲೋಕ. ಶಾವಿಗೆ, ಸಂಡಿಗೆ, ಹಪ್ಪಳ, ಕೆಂಪು ಮೆಣಸಿನಕಾಯಿ ಎಲ್ಲವೂ ಬಿಳಿ ಪಂಚೆಯ ಮೇಲೆ. ಕಾಗೆ ಕಾಯಲು ಕೋಲು ಹಿಡಿದು ಕೂತ ತಮ್ಮನೇ ಚಿತ್ರದ ನಾಯಕ. ಕೆಲವೇ ಮೈಲಿ ದೂರದ ರಬಕವಿ–ಬನಹಟ್ಟಿಗಳು ನೇಕಾರರ ಊರುಗಳು. ಅಲ್ಲಿ ಬಣ್ಣಕ್ಕೆ ಅದ್ದಿದ ನೂಲಿನ ಲಡಿಗಳನ್ನು ಬಿಸಿಲಿಗೆ ಹಾಕಿದ ಓಣಿಗಳೂ, ಕೈಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತ ಹಿರಿಯ ನೇಕಾರರೂ ಕಾಣಸಿಗುತ್ತಾರೆ. ವಿದ್ಯುತ್ ಮಗ್ಗಗಳ ಸದ್ದಿನಲ್ಲಿ ಕೈಮಗ್ಗದ ಲಾಳಿಯ ಸದ್ದು ಅಡಗುತ್ತಾ ಬಂದಿದೆ. ಮಣ್ಣಿನ ಮಾಳಿಗೆಗಳ ಜಾಗದಲ್ಲಿ ಸಿಮೆಂಟಿನ ಸ್ಲ್ಯಾಬುಗಳು ಏಳುತ್ತಿವೆ. ಮಾಳಿಗೆ ಸೋರುತ್ತದೆ, ಮಣ್ಣು ಕುಸಿಯುತ್ತದೆ, ಅದರ ಆರೈಕೆ ಕಷ್ಟ. ಆದ್ದರಿಂದ ಸ್ಲ್ಯಾಬು ಹಾಕಿದವರನ್ನು ದೂರುವಂತಿಲ್ಲ. ಮನೆ ಕೆಡವುವ ಮುನ್ನ ಆ ಬೆಳಕಿಂಡಿಯ ಒಂದು ಚಿತ್ರವಾದರೂ ಉಳಿಯಲಿ ಎಂದಷ್ಟೇ ಕೇಳಬಹುದು.

ಈ ಮಾತಿಗೆ ಒಂದು ಕಾರಣವಿದೆ. ನಮ್ಮ ಭಾಗದ ಛಾಯಾಚಿತ್ರಗಳ ಇತಿಹಾಸ ಚಿಕ್ಕದೇನಲ್ಲ. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರೆಯ ವಿಧಾನ ಲೋಕಕ್ಕೆ ಗೊತ್ತಾದ ಹದಿನಾರೇ ವರ್ಷಕ್ಕೆ, 1855ರಲ್ಲಿ, ಮುಂಬಯಿ ಸರಕಾರ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಅವನು ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದ. ಅವನ ನಂತರ ವಿಲಿಯಂ ಪಿಗೂ ಎಂಬ ವೈದ್ಯ ಆ ಕೆಲಸ ಮುಂದುವರಿಸಿದ. ಇಂದು ಸಂರಕ್ಷಣೆ ಮಾಡುವವರಿಗೆ, ಯಾವ ಗೋಪುರ ಆಗ ಹೇಗಿತ್ತು ಎಂದು ತಿಳಿಯಲು ಈ ಚಿತ್ರಗಳೇ ಆಧಾರ. ಆದರೆ ಅವರನ್ನು ಕಳಿಸಿದ್ದು ಕಲ್ಲಿನ ಕಟ್ಟಡಗಳಿಗಾಗಿ. ಅರಿಶಿಣದ ಕಣ, ಮಗ್ಗದ ಗುಂಡಿ, ಮಾಳಿಗೆಯ ಸಂಡಿಗೆ ಯಾವ ಸರಕಾರದ ಪಟ್ಟಿಯಲ್ಲೂ ಇರಲಿಲ್ಲ. ಅವುಗಳ ಚಿತ್ರ ತೆಗೆಯಬೇಕಾದವರು ಆ ಮನೆಗಳ ಮಕ್ಕಳೇ.

ಕೃಷ್ಣಾ ನದಿಯ ವಿಷಯದಲ್ಲಂತೂ ಇದು ಇನ್ನಷ್ಟು ನಿಜ. ಮಹಾಬಳೇಶ್ವರದಲ್ಲಿ ಹುಟ್ಟಿ ಬರುವ ಈ ಹೊಳೆ ಬೇಸಿಗೆಯಲ್ಲಿ ಸೊರಗುತ್ತದೆ. ಬಂಡೆಗಳು ಬೆನ್ನು ತೋರಿಸುತ್ತವೆ, ಉಳಿದ ನೀರಿನ ಮಡುಗಳಲ್ಲಿ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಲ್ಲುತ್ತವೆ. ಮುಂಜಾವಿನಲ್ಲಿ ಅದು ಕಣ್ಣಿಗೆ ಹಬ್ಬವೇ. ಅದೇ ಹೊತ್ತಿಗೆ ಊರುಗಳ ನಲ್ಲಿಗಳಲ್ಲಿ ನೀರಿಲ್ಲ, ಕೊಯ್ನಾ ಜಲಾಶಯದಿಂದ ನೀರು ಬಿಡಿ ಎಂಬ ಮನವಿ ಮಹಾರಾಷ್ಟ್ರಕ್ಕೆ ಹೋಗಿರುತ್ತದೆ. 2019ರ ಮೇ ತಿಂಗಳಲ್ಲಿ ಹೊಳೆ ಬತ್ತಿ ಹಿಪ್ಪರಗಿ ಬ್ಯಾರೇಜಿನ ಆಸರೆಯ ಜನ ಕುಡಿಯುವ ನೀರಿಗೆ ಪರದಾಡಿದರು. ಮೂರೇ ತಿಂಗಳಿಗೆ, ಆಗಸ್ಟ್‌ನಲ್ಲಿ, ಅದೇ ಹೊಳೆ ಉಕ್ಕಿ ಜಮಖಂಡಿ, ರಬಕವಿ–ಬನಹಟ್ಟಿ ತಾಲ್ಲೂಕುಗಳ ನದಿತೀರದ ಹಳ್ಳಿಗಳನ್ನು ನುಗ್ಗಿತು, ಜನ ಮನೆ ಬಿಟ್ಟು ಗಂಜಿಕೇಂದ್ರ ಸೇರಿದರು. ಮೇ ತಿಂಗಳಲ್ಲಿ ಬಿರುಕು ಬಿಟ್ಟ ಪಾತ್ರದ ಚಿತ್ರ ತೆಗೆದವನು ಆಗಸ್ಟ್‌ನಲ್ಲಿ ಅದೇ ದಿಕ್ಕಿಗೆ ಮುಖ ಮಾಡಿ ಇನ್ನೊಂದು ತೆಗೆದಿದ್ದರೆ, ಆ ಎರಡು ಚಿತ್ರಗಳ ಪಕ್ಕದಲ್ಲಿ ವರದಿಯ ನೂರು ಪುಟಗಳೂ ಬಡವಾಗುತ್ತಿದ್ದವು.

ಹೀಗೆ ಒಂದೇ ಜಾಗದಿಂದ ಮತ್ತೆ ಮತ್ತೆ ಚಿತ್ರ ತೆಗೆಯುವುದು ಹವ್ಯಾಸಿಗಳಿಗೆ ಹೇಳಿಮಾಡಿಸಿದ ಕೆಲಸ. ದಂಡೆಯಿಂದ ಬೇಕಾದಷ್ಟು ದೂರದಲ್ಲಿ, ಎತ್ತರದಲ್ಲಿ ಒಂದು ಗುರುತಿನ ಕಲ್ಲು ಆರಿಸಿಕೊಳ್ಳಬೇಕು. ಪ್ರತಿ ವರ್ಷ ಅದೇ ಕಲ್ಲು, ಅದೇ ಎತ್ತರ, ಅದೇ ಹೊತ್ತು. ಚೌಕಟ್ಟಿನಲ್ಲಿ ಬದಲಾಗದ ಒಂದು ವಸ್ತು, ಗುಡಿಯ ಶಿಖರವೋ ಸೇತುವೆಯ ಕಂಬವೋ, ಇರಲೇಬೇಕು. ನೀರಿಗೆ ಇಳಿಯುವುದು ಮಾತ್ರ ಬೇಡವೇ ಬೇಡ. ಬತ್ತಿದ ಹೊಳೆಯಲ್ಲೂ ಮರಳು ತೆಗೆದ ಗುಂಡಿಗಳಿರುತ್ತವೆ. ಅವುಗಳ ಆಳ ಮೇಲಿನಿಂದ ತಿಳಿಯದು. ಹೊಳೆಗೆ ಹೋಗುವ ದಿನ ತಂದೆಯೋ ಕಾಕನೋ ಜೊತೆಗಿರಬೇಕು. ಅವರಿಗೂ ಬೆಳಗಿನ ನಡಿಗೆಯಾದೀತು.

ದೂರದ ಆಕರ್ಷಣೆಗಳೂ ಇವೆ, ಇಲ್ಲವೆಂದಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಇಳಿಯುವ ಬೇಸಿಗೆಯಲ್ಲಿ ಬೀಳಗಿ ತಾಲ್ಲೂಕಿನ ಹೆರಕಲ್ಲಿನ ಕಡೆ ರಾಜಹಂಸಗಳ ಹಿಂಡು ಕಾಣಿಸಿಕೊಳ್ಳುವುದುಂಟು. ಅವನ್ನು ಮೊಬೈಲಿನಲ್ಲಿ ಹಿಡಿಯಲು ಹೋದರೆ ಸಿಗುವುದು ಬಿಳಿ ಚುಕ್ಕೆಗಳು. ಇನ್ನೂ ಹತ್ತಿರ ಹೋದರೆ ಹಕ್ಕಿ ಹಾರುತ್ತದೆ. ಉದ್ದ ಲೆನ್ಸು ಇಲ್ಲದವರು ಕಣ್ಣಾರೆ ನೋಡಿ ಬರುವುದೇ ಜಾಣತನ. ಅದರ ಬದಲು ಊರ ಹೊರಗಿನ ಕಕ್ಕೆ ಮರ ನೋಡಿ. ಎಲೆಯೆಲ್ಲ ಉದುರಿಸಿ ಹಳದಿ ಗೊಂಚಲು ಇಳಿಬಿಟ್ಟಿರುತ್ತದೆ. ಶಾಲೆಯ ಅಂಗಳದ ಗುಲ್‌ಮೊಹರ್ ಮಡಗಾಸ್ಕರದಿಂದ ಬಂದು ನಮ್ಮದೇ ಆಗಿಬಿಟ್ಟ ಮರ. ಕೆಂಪು ಹೂವಿಗೆ ಹಿನ್ನೆಲೆಯಾಗಿ ಬೆಳ್ಳಗಾದ ಆಕಾಶ ಬಂದರೆ ಚಿತ್ರ ಸಪ್ಪೆ. ಮರದ ಕೆಳಗೆ ನಿಂತು, ಉದುರಿದ ಪಕಳೆಗಳ ಮೇಲೆ ಬಿದ್ದ ಜಾಲರಿ ನೆರಳನ್ನು ತೆಗೆದರೆ ಅದು ಬೇರೆಯದೇ ಆಗುತ್ತದೆ.

ತೆಗೆದ ಚಿತ್ರಗಳು ಮೊಬೈಲಿನಲ್ಲೇ ಉಳಿದರೆ ಮೊಬೈಲಿನ ಜೊತೆಗೇ ಹೋಗುತ್ತವೆ. ರಜೆ ಮುಗಿಯುವಾಗ ಹನ್ನೆರಡನ್ನು ಆರಿಸಿ ಮುದ್ರಿಸಿ, ಹಿಂದೆ ಪೆನ್ಸಿಲಿನಲ್ಲಿ ಜಾಗ, ತಾರೀಖು, ಗಂಟೆ ಬರೆದಿಡಬೇಕು. ಪೆನ್ನಿನ ಶಾಯಿ ಮುಂದಿನ ಚಿತ್ರಕ್ಕೆ ಅಂಟುತ್ತದೆ. ಹನ್ನೆರಡನ್ನು ಆರಿಸಲು ಇಡೀ ಮನೆ ಕೂತರೆ ಒಂದು ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ. ಅಜ್ಜಿ ಆರಿಸುವ ಚಿತ್ರವನ್ನು ಹುಡುಗ ಎಂದೂ ಆರಿಸಿರುವುದಿಲ್ಲ ಎಂಬುದು ಆ ಸಂಜೆಯ ಮೋಜು.

ಬೇಸಿಗೆಯ ಕೊನೆಯ ಚಿತ್ರಕ್ಕೆ ಜೂನ್ ತಿಂಗಳ ಕಾರಹುಣ್ಣಿಮೆಯವರೆಗೆ ಕಾಯಬೇಕಾಗುತ್ತದೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊಂಬಣಸು ಕಟ್ಟಿ ಕರಿ ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಬೆಳೆ, ಕೆಂದ ಎತ್ತು ಮುಂದಾದರೆ ಮುಂಗಾರಿ ಬೆಳೆ ಎಂಬುದು ರೈತರ ನಂಬಿಕೆ. ಓಡುವ ಎತ್ತಿನ ಎದುರು ನಿಲ್ಲದೆ, ಕಟ್ಟೆಯ ಮೇಲೆ ಅಥವಾ ಮಾಳಿಗೆಯ ಮೇಲೆ ಮೊದಲೇ ಜಾಗ ಹಿಡಿಯಬೇಕು. ಅಷ್ಟು ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಕರಿ ಹರಿಯುವುದು ಸಂಜೆಯ ಹೊತ್ತಾದ್ದರಿಂದ ಚೀಲ ಮನೆಗೆ ಎಸೆದು ಓಡಿ ಬರಲು ಹುಡುಗರಿಗೆ ಸಮಯ ಸಾಕಾಗುತ್ತದೆ.